ಮುಂದೇನು ಎಂದು ಕೇಳಿದರೆ ಪಾಸ್

ಮೊಬೈಲು ಇನ್ನೂ ಮಕ್ಕಳ ಕೈಗೆ ಬಂದಿರದ ಕಾಲ. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಗ್ರಂಥಾಲಯದಲ್ಲಿ ಭಾನುವಾರ ಮಕ್ಕಳಿಗೆ ಕಥೆ ಹೇಳುವ ಕಾರ್ಯಕ್ರಮ ನಡೆಸುತ್ತಿದ್ದವರು ನಾವಿಬ್ಬರೇ, ನಾನು ಮತ್ತು ಉಡುಪಿ ಕಡೆಯ ನನ್ನ ಗೆಳತಿ. ಇಬ್ಬರಿಗೂ ಠಾಣೆ ನಗರದಲ್ಲಿ ಆಫೀಸು. ಯಾವ ವಾರ ಯಾವ ಪುಸ್ತಕ ಎಂಬ ಚರ್ಚೆಯೆಲ್ಲ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ನಿಂತುಕೊಂಡೇ ಮುಗಿಯುತ್ತಿತ್ತು. ಕಮಿಟಿಯ ಹಿರಿಯರಿಗೆ ನೀತಿಕಥೆಗಳೇ ಬೇಕು. ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು ಮಾತಾಡುವ ಮಕ್ಕಳು ಭಾನುವಾರ ಕಾರ್ಟೂನು ಬಿಟ್ಟು ಬಂದು ನೀತಿ ಕೇಳಬೇಕಂತೆ! ನನಗೆ ಮೈಯೆಲ್ಲ ಉರಿಯುತ್ತಿತ್ತು.

"ನೀನು ಸುಮ್ನಿರು ಮಾರಾಯ್ತಿ, ಪರೀಕ್ಷೆ ಮಾಡುವವರು ನಮ್ಮ ಮನೆಯಲ್ಲೇ ಇದ್ದಾರೆ" ಎಂದು ಅವಳು ನಗುತ್ತಿದ್ದಳು.

ಪರೀಕ್ಷೆ ಮಾಡುವವಳು ಎರಡನೇ ಕ್ಲಾಸಿನ ಅವಳ ಮಗಳು. ಹೊಸ ಪುಸ್ತಕವನ್ನು ಮಗಳಿಗೆ ಅರ್ಧ ಓದಿ ಹೇಳಿ ಮುಚ್ಚಿಡುವುದು. ಮರುದಿನ "ಮುಂದೇನಾಯ್ತು?" ಎಂದು ಅವಳು ತಾನಾಗಿ ಕೇಳಿದರೆ ಪುಸ್ತಕ ಪಾಸ್. ಕೇಳದಿದ್ದರೆ, ಎಷ್ಟೇ ಚಂದದ ಚಿತ್ರಗಳಿರಲಿ, ಫೇಲ್. ಕಮಿಟಿಯವರು ಹೊತ್ತು ತಂದ ಎಷ್ಟೋ ಪುಸ್ತಕಗಳು ಆ ಪುಟ್ಟ ಹುಡುಗಿಯ ಮುಂದೆ ಮಣ್ಣು ಮುಕ್ಕಿದವು. ಬೆಳಿಗ್ಗೆ ಗಾಡಿ ಹತ್ತುವಾಗಲೇ ಗೆಳತಿ ರಿಸಲ್ಟ್ ಹೇಳಿಬಿಡುತ್ತಿದ್ದಳು.

ಕೊನೆಯದಾಗಿ ನಾವು ಆರಿಸಿದ್ದು ಒಂದು ಇಲಿಯ ಕಥೆ. ಅದರ ರಿಸಲ್ಟ್ ನನಗೆ ಸಿಗಲಿಲ್ಲ. ಮಳೆಗಾಲದ ಜ್ವರವೆಂದು ಆಸ್ಪತ್ರೆಗೆ ಹೋದ ಗೆಳತಿ ಮನೆಗೆ ಮರಳಲಿಲ್ಲ. ಡಬ್ಬದ ಬಾಗಿಲ ಬಳಿ ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಾನು ಈಗಲೂ ನಿಲ್ಲುವುದಿಲ್ಲ.

ಅವಳ ಗಂಡನಿಗೆ ಠಾಣೆಯ ಕೋಪರಿಯಲ್ಲಿ ಹೋಟೆಲು. ಕೆಲವು ವಾರಗಳ ನಂತರ ಅವರು ಮನೆಯಲ್ಲಿದ್ದ ಗ್ರಂಥಾಲಯದ ಪುಸ್ತಕಗಳನ್ನೆಲ್ಲ ತಂದುಕೊಟ್ಟು, "ಭಾನುವಾರ ಮಗಳನ್ನು ಕಳಿಸ್ಲಾ ಅಕ್ಕ? ಮನೇಲಿ ಮಾತೇ ಆಡುದಿಲ್ಲ" ಎಂದರು. ಕಳಿಸಿ ಎಂದೆ. ಆಮೇಲೆ ಕಪಾಟಿನ ಮುಂದೆ ಕೂತು, ಕಥೆಯಲ್ಲಿ ಅಮ್ಮ ಬರುವ ಪುಸ್ತಕಗಳನ್ನೆಲ್ಲ ಹುಡುಕಿ ತೆಗೆದು ಮೇಲಿನ ಹಲಗೆಗೆ ಏರಿಸಿದೆ. ಮಕ್ಕಳ ಪುಸ್ತಕಗಳಲ್ಲಿ ಎಷ್ಟೊಂದು ಅಮ್ಮಂದಿರು! ಕೆಳಗೆ ಉಳಿದದ್ದು ರೈಲು, ಗ್ರಹ, ಡೈನೋಸಾರು.

ಹುಡುಗಿ ಬಂದಳು. ಕೆಳಗಿನ ಸಾಲನ್ನು ಪೂರ್ತಿ ನೋಡಿ, "ಆಂಟಿ, ವೋ ಚೂಹೇವಾಲಿ ಬುಕ್ ಕಹಾಂ ಹೈ?" ಎಂದಳು. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಯಾವಾಗಲೂ ಹಿಂದಿಯಲ್ಲೇ. ಆ ಇಲಿಯ ಪುಸ್ತಕ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಮೇಲಿಂದ ಇಳಿಸಿ, ಅವಳ ಪಕ್ಕದಲ್ಲಿ ಕೂತು ಓದತೊಡಗಿದೆ. ಮರಿ ಇಲಿಗೆ ಚಳಿ. ಅಂಗಿ ಹೊಲಿಯಲು ಬಟ್ಟೆಯ ಚೂರು ತರುತ್ತೇನೆಂದು ಅಮ್ಮ ಇಲಿ ಸಂತೆಗೆ ಹೊರಟಿತು. ಮರಿ ಬಾಗಿಲಲ್ಲಿ ಕೂತು ಕಾಯತೊಡಗಿತು.

ಪುಟ ತಿರುಗಿಸಲು ಹೋದಾಗ ಅವಳು ಅದರ ಮೇಲೆ ಅಂಗೈ ಊರಿದಳು.

"ಯಹಾಂ ತಕ್" ಎಂದಳು. ಅಮ್ಮ ಓದಿ ಮುಚ್ಚಿಟ್ಟದ್ದು ಇಲ್ಲಿಯವರೆಗೆ. ಆಮೇಲೆ ಮೊದಲ ಬಾರಿ ನನ್ನೊಡನೆ ಕನ್ನಡದಲ್ಲಿ ಹೇಳಿದಳು: "ನಾನು ಕೇಳಿದ್ದೆ ಆಂಟಿ. ಆಸ್ಪತ್ರೆಗೆ ಹೋಗುವಾಗ, ಮುಂದೇನಾಯ್ತು ಅಂತ ಕೇಳಿದ್ದೆ. ಮಮ್ಮಿ ನಾಳೆ ಹೇಳ್ತೇನೆ ಅಂದ್ರು."

ಪುಸ್ತಕ ಪಾಸಾಗಿತ್ತು. ಮುಂದಿನ ಪುಟದಲ್ಲಿ ಅಮ್ಮ ಇಲಿ ಬಟ್ಟೆಯ ಚೂರು ಕಚ್ಚಿಕೊಂಡು ಮನೆಗೆ ಬರುತ್ತದೆ. ನನಗದು ಗೊತ್ತಿತ್ತು. ಆ ಪುಟ್ಟ ಕೈಯನ್ನು ಸರಿಸುವ ಧೈರ್ಯ ನನಗೆ ಬರಲಿಲ್ಲ.