ಲದ್ದಿ ಬಳಿಯುವವರನ್ನು ಕೇಳುತ್ತಿದ್ದ ಲೂಸಿಬಾಯಿ

ಲೂಸಿಬಾಯಿ ಕುದುರೆಯ ವಿಷಯವನ್ನು ಕುದುರೆಯ ಯಜಮಾನನ ಜೊತೆ ಮಾತಾಡುತ್ತಿರಲಿಲ್ಲ. ಮರಿ ಮಾಡಿಸಲು ಹೆಣ್ಣು ಕುದುರೆಯನ್ನು ಹಿಡಿದುಕೊಂಡು ಯಾರೇ ಅಂಗಳಕ್ಕೆ ಬಂದರೂ ಮೊದಲು ಅದರ ಹಲ್ಲು, ಗೊರಸು ನೋಡುತ್ತಿದ್ದಳು. ಆಮೇಲೆ ಬಂದವನ ಅಂಗೈ ನೋಡುತ್ತಿದ್ದಳು. ಅದು ಮೆತ್ತಗಿದ್ದರೆ ಒಂದೇ ಪ್ರಶ್ನೆ: "ನಿಮ್ಮ ಮನ್ಯಾಗ ಲದ್ದಿ ಬಳಿಯೋರು ಯಾರ್ರಿ?" ಲದ್ದಿ ಬಾಚಿ ಕೊಟ್ಟಿಗೆ ಚೊಕ್ಕ ಮಾಡುವವರು ಹೆಂಡತಿಯೋ, ಅವ್ವನೋ, ಆಳೋ, ಯಾರ ಹೆಸರು ಹೇಳಿದರೂ ಸರಿ. ಅವರ ಹತ್ತಿರ ತಾನೇ ಹೋಗಿ, ಒಪ್ಪಿಗೆ ಕೇಳಿ ಬರುವವರೆಗೆ ತನ್ನ ಗಂಡು ಕುದುರೆಯ ಹಗ್ಗ ಬಿಚ್ಚುತ್ತಿರಲಿಲ್ಲ.

ಆಕೆಯ ಮನೆ ಹಳಿಯಾಳದಿಂದ ದಾಂಡೇಲಿಗೆ ಬರುವ ದಾರಿಯಲ್ಲಿ, ಕಾಡಿನ ಅಂಚಿನ ಒಂದು ಸಿದ್ದಿ ಕೇರಿಯಲ್ಲಿತ್ತು. ಗಂಡ ಜೂಜೆ ಹಳಿಯಾಳದಲ್ಲಿ ಟಾಂಗಾ ಹೊಡೆಯುತ್ತಿದ್ದ. ಅವನು ತೀರಿಕೊಂಡಾಗ ಉಳಿದದ್ದು ಎರಡು ಎಕರೆ ಗದ್ದೆ ಮತ್ತು ಸರದಾರ ಎಂಬ ಕುದುರೆ. ಕಂದು ಬಣ್ಣ, ಎಡಗಡೆಯ ಹಿಂಗಾಲು ಮಾತ್ರ ಸುಣ್ಣದಲ್ಲಿ ಅದ್ದಿ ತೆಗೆದಂತೆ ಗೆಣ್ಣಿನವರೆಗೆ ಬೆಳ್ಳಗೆ. ಲೂಸಿಬಾಯಿ ಎತ್ತರದ ಹೆಂಗಸು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ತಲೆಗೆ ಟವೆಲ್ಲು ಸುತ್ತಿ, ಇಡೀ ದಿನ ಏನಾದರೊಂದು ಹೊರುತ್ತಲೇ ಇರುತ್ತಿದ್ದಳು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ. ಸರದಾರನ ಮೇಲೆ ಸಿಟ್ಟು ಬಂದಾಗ ಮಾತ್ರ ಮರಾಠಿ.

ಹಳಿಯಾಳದ ಒಬ್ಬ ವ್ಯಾಪಾರಿ ತನ್ನ ಬಿಳಿ ಕುದುರೆಗೆ ಮರಿ ಮಾಡಿಸಿ ಮದುವೆ ಮೆರವಣಿಗೆಗೆ ಕಳಿಸಬೇಕೆಂದು ಬಂದಿದ್ದ. ಲೂಸಿಬಾಯಿ ಬಸ್ಸು ಹತ್ತಿ ಅವನ ಮನೆಗೆ ಹೋದಳು. ನಾನೂ ಅದೇ ಬಸ್ಸಿನಲ್ಲಿದ್ದವನು ಕುತೂಹಲಕ್ಕೆ ಜೊತೆಗೆ ಹೋದೆ. ಅಲ್ಲಿ ಲದ್ದಿ ಬಳಿಯುತ್ತಿದ್ದವಳು ಅವನ ಮುದಿ ತಾಯಿ. ಲೂಸಿಬಾಯಿ ಹಿತ್ತಲಿಗೆ ಹೋಗಿ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಕೇಳಿದಳು. ಮುದುಕಿ ನೋಯುವ ತನ್ನ ಸೊಂಟ ಮುಟ್ಟಿ ತೋರಿಸಿದಳು, ಅಷ್ಟೇ. ಲೂಸಿಬಾಯಿ ಚಹಾ ಕುಡಿದು, ಆಗುವುದಿಲ್ಲವೆಂದು ಎದ್ದಳು. ವ್ಯಾಪಾರಿಗೆ ಅವಮಾನವಾಯಿತು.

"ಏನ್ ಬಾಯಿ, ಕನ್ಯಾ ನೋಡಾಕ ಬಂದಂಗ ಬಂದಿ?" ಎಂದ.

"ಕನ್ಯಾ ಆದ್ರ ಭಾಳ ನೋಡೂದ ಬ್ಯಾಡ್ರಿ. ಹೊಟ್ಟಿ ಹಸೀತು ಅಂತ ಅಕೀನ ಬಾಯಿ ಬಿಟ್ಟ ಹೇಳ್ತಾಳ."

ಮರಳಿ ಬರುವಾಗ ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಬಡಕಲು ಕುದುರೆಗಳು ಕಸದ ರಾಶಿಯಲ್ಲಿ ಪ್ಲಾಸ್ಟಿಕ್ ಚೀಲ ಎಳೆಯುತ್ತಿದ್ದವು. ಅವು ಯಾರ ಮನೆಯವು, ಯಾವ ವರ್ಷ ಹುಟ್ಟಿದವು, ಯಾವ ಮದುವೆಯಲ್ಲಿ ಕುಣಿದವು ಎಂಬುದೆಲ್ಲ ಆಕೆಗೆ ಗೊತ್ತಿತ್ತು. ನಿಧಾನವಾಗಿ, ಸಿಟ್ಟಿಲ್ಲದೆ ಹೇಳಿದಳು. ಎರಡಕ್ಕೂ ಸರದಾರ ತಂದೆಯಲ್ಲ ಎಂದು ಕೊನೆಯಲ್ಲಿ ಸೇರಿಸಿದಳು. ಅದನ್ನು ಹೇಳುವಾಗ ಆಕೆಯ ಮುಖದಲ್ಲಿದ್ದ ನೆಮ್ಮದಿ ನನಗೆ ಚೆನ್ನಾಗಿ ನೆನಪಿದೆ. ಆ ನೆಮ್ಮದಿಯನ್ನು ಕೆಡಿಸಿದವನು ನಾನು.

ನನ್ನದು ದಾಂಡೇಲಿ ಪಕ್ಕದ ಮೌಳಂಗಿಯ ಹೊಳೆದಂಡೆಯಲ್ಲಿ ಪ್ರವಾಸಿಗಳ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ಸುತ್ತಾಡಿಸುವ ಕೆಲಸ. ಚಂದ್ರಿ ಎಂಬ ಹೆಣ್ಣು ಕುದುರೆ ಇತ್ತು. ಜೊತೆಗೊಂದು ಮರಿ ಓಡಾಡಿಕೊಂಡಿದ್ದರೆ ಮಕ್ಕಳು ಮುತ್ತಿಕೊಳ್ಳುತ್ತಾರೆ ಎಂದು ನನಗೆ ಹೊಳೆಯಿತು. ನನ್ನ ಮನೆಯಲ್ಲಿ ಲದ್ದಿ ಬಳಿಯುತ್ತಿದ್ದವಳು ಹೆಂಡತಿ ಸಾವಿತ್ರಿ. ಅವಳನ್ನು ಕೇಳಿದೆ. ಬೇಡವೆಂದಳು. ಆದರೂ ಚಂದ್ರಿಯನ್ನು ಹೊಡೆದುಕೊಂಡು ಹೋದೆ. ಆ ದಿನ ಲೂಸಿಬಾಯಿಯ ಮೊಣಕಾಲು ಬಾತು ಕುಂಬಳದಂತಾಗಿತ್ತು. ಬಸ್ಸು ಹತ್ತುವ ಸ್ಥಿತಿ ಇರಲಿಲ್ಲ.

"ಸಾವಿತ್ರಿ ಹೂಂ ಅಂದಾಳೇನು?" ಎಂದು ಕೇಳಿದಳು.

"ಅಂದಾಳ" ಎಂದೆ.

ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕುಂಟುತ್ತ ಹೋಗಿ ಹಗ್ಗ ಬಿಚ್ಚಿದಳು.

ಹನ್ನೊಂದು ತಿಂಗಳಿಗೆ ಗಂಡು ಮರಿ ಹುಟ್ಟಿತು. ತಂದೆಯದೇ ಬಣ್ಣ, ತಂದೆಯದೇ ಬಿಳಿ ಕಾಲು. ಮೊದಲ ವರ್ಷ ಪ್ರವಾಸಿಗಳು ಅದರ ಕೊರಳು ತಬ್ಬಿ ಫೋಟೋ ತೆಗೆಸಿಕೊಂಡರು. ಎರಡನೆಯ ವರ್ಷ ಅದು ಕಚ್ಚತೊಡಗಿತು. ಬೇರೆಯವರ ಹೆಣ್ಣು ಕುದುರೆಗಳ ಮೇಲೆ ಏರಿ ಹೋಗುತ್ತಿತ್ತು. ಒಂದು ಮಗುವಿನ ತೋಳಿಗೆ ಹಲ್ಲು ತಾಗಿದ ಮೇಲೆ ಅದನ್ನು ದಂಡೆಗೆ ತರಬಾರದೆಂದು ಅಲ್ಲಿಯ ಮೇಲ್ವಿಚಾರಕರು ಹೇಳಿದರು. ಮದುವೆಯವರು ಬಿಳಿಯದು ಬೇಕು ಎಂದರು. ಕುದುರೆ ಕೊಳ್ಳಲು ಸನವಳ್ಳಿಯಿಂದ ಬಂದವರು ಹೆಣ್ಣಾಗಿದ್ದರೆ ಒಯ್ಯುತ್ತಿದ್ದೆವು ಎಂದರು. ಯಾರಿಗೂ ಬೇಡವಾದ ಕುದುರೆ ಹಿತ್ತಲಲ್ಲಿ ನಿಂತು ಗೋಡೆ ಒದೆಯುತ್ತಿತ್ತು. ಸಾವಿತ್ರಿ ಎರಡರ ಲದ್ದಿಯನ್ನೂ ಬಳಿಯುತ್ತಿದ್ದಳು.

ಒಂದು ಮುಂಜಾನೆ ಅದನ್ನು ಹಳಿಯಾಳದ ರಸ್ತೆಯಲ್ಲಿ ಬಹುದೂರ ನಡೆಸಿಕೊಂಡು ಹೋಗಿ, ಹುಲ್ಲಿದ್ದ ಜಾಗ ನೋಡಿ ಹಗ್ಗ ತೆಗೆದೆ. ಅದು ನನ್ನ ಹಿಂದೆಯೇ ಬಂತು. ಕಲ್ಲು ಹೊಡೆದೆ. ಮೊದಲನೆಯದು ತಾಗಲಿಲ್ಲ. ಎರಡನೆಯದು ಭುಜಕ್ಕೆ ತಾಗಿತು. ಆಗ ನಿಂತಿತು. ಓಡಲಿಲ್ಲ, ನನ್ನನ್ನೇ ನೋಡುತ್ತ ನಿಂತಿತು. ಮನೆಗೆ ಬಂದು ಮಾರಿದೆನೆಂದು ಹೇಳಿದೆ.

ನಾಲ್ಕನೆಯ ದಿನ ಮಧ್ಯಾಹ್ನ ನಾವು ಊಟಕ್ಕೆ ಕುಳಿತಿದ್ದಾಗ ಲೂಸಿಬಾಯಿ ಬಾಗಿಲ ಮುಂದೆ ನಿಂತಿದ್ದಳು. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಆ ಕುದುರೆ. ಲಾರಿ ತರಚಿ ಅದರ ಪಕ್ಕೆಯ ಚರ್ಮ ಒಂದು ಗೇಣು ಸುಲಿದಿತ್ತು. ಗಾಯಕ್ಕೆ ಅರಿಸಿನ ಮೆತ್ತಿತ್ತು. ರಸ್ತೆ ನಡುವೆ ಬಿಳಿ ಕಾಲಿನ ಕುದುರೆಯೊಂದು ನಿಂತಿದೆ ಎಂದು ಕಟ್ಟಿಗೆ ಲಾರಿಯ ಚಾಲಕ ಹೇಳಿದ್ದನಂತೆ. ಆ ಮೊಣಕಾಲಿನಲ್ಲಿ ಅಷ್ಟು ದೂರ ನಡೆದು ಬಂದಿದ್ದಳು. ನನ್ನ ಕಡೆ ನೋಡಲಿಲ್ಲ.

"ಸಾವಿತ್ರಿ, ಒಂದ್ ಮಾತ್ ಕೇಳೂದು ಬಾಕಿ ಉಳದಿತ್ತು. ಆವತ್ತ ಬರಾಕ ಆಗಲಿಲ್ಲ. ಇದರ ಲದ್ದಿ ಬಳಿಯಾಕ ನಿಂಗ ಒಪ್ಪಿಗಿ ಐತೇನು?"

ಸಾವಿತ್ರಿ ಕೈ ತೊಳೆದು ಬಂದು ಗಾಯ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಎಲ್ಲವೂ ಅವಳಿಗೆ ತಿಳಿಯಿತು.

"ಇಲ್ರಿ ಬಾಯಿ" ಎಂದಳು. "ಆವತ್ತೂ ಇರಲಿಲ್ಲ."

"ಆತು. ಖರೇ ಹೇಳಿದಿ" ಎಂದು ಲೂಸಿಬಾಯಿ ನೀರು ಕೇಳಿ ಕುಡಿದು, ಕುದುರೆಯನ್ನು ತಿರುಗಿಸಿಕೊಂಡು ಹೊರಟಳು. ನಾನು ಎಂಜಲು ಕೈಯಲ್ಲೇ ಹಿಂದೆ ಓಡಿದೆ. ತಪ್ಪಾಯಿತೆಂದೆ. ಆಕೆ ನಡೆಯುತ್ತಲೇ ಹೇಳಿದಳು: "ತಪ್ಪು ಇಬ್ಬರದೂ ಐತಿ. ನೀ ಸುಳ್ಳ ಹೇಳಿದಿ. ಸುಳ್ಳ ಅಂತ ಗೊತ್ತಾಗಿಯೂ ನಾ ಹಗ್ಗ ಬಿಚ್ಚಿದೆ. ಸೋಮವಾರ ಬಾ. ಲದ್ದಿ ಬಳಿ."

ಸೋಮವಾರ ಹೋದೆ. ಅಂಗಳದಲ್ಲಿ ಪಶುವೈದ್ಯರು ಇದ್ದರು. ಮರಿಯ ಬೀಜ ಮಾತ್ರ ತೆಗೆಸುತ್ತಾಳೆಂದು ನಾನು ಎಣಿಸಿದ್ದೆ. ಲೂಸಿಬಾಯಿ ಸರದಾರನನ್ನೂ ಹಿಡಿದು ತಂದಳು. ಊರಿನವರು ತಡೆದರು, ಅಂಥ ಗಂಡು ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಇಲ್ಲ ಎಂದರು. ತನ್ನ ಕೈ ಒಮ್ಮೆ ಸಡಿಲಾಗಿದೆ, ಇನ್ನೊಮ್ಮೆ ಆಗುವುದಿಲ್ಲವೆಂದು ಏನು ಖಾತ್ರಿ ಎಂದಳು. ಸರದಾರನ ತಲೆ ಹಿಡಿದುಕೊಂಡವನು ನಾನು. ಔಷಧಿಗೆ ಅದರ ಕಣ್ಣು ಮುಚ್ಚುವವರೆಗೆ ಆಕೆ ಅದರ ಕಿವಿಯಲ್ಲಿ ಕೊಂಕಣಿಯಲ್ಲಿ ಏನೋ ಹೇಳುತ್ತಿದ್ದಳು.

ಆರು ವರ್ಷ, ಸೋಮವಾರ ಮತ್ತು ಗುರುವಾರ, ಆ ಅಂಗಳದ ಲದ್ದಿ ಬಳಿದೆ. ಅವು ನನ್ನ ಒಳ್ಳೆಯ ವರ್ಷಗಳು. ಮರಿ ಸೌಮ್ಯವಾಯಿತು, ಗದ್ದೆಯಿಂದ ಹುಲ್ಲು ಹೊರಲು ಕಲಿಯಿತು. ಸರದಾರ ಮುದಿಯಾಗಿ ಹಲಸಿನ ಮರದ ಕೆಳಗೆ ಸತ್ತಿತು. ಮೂಲೆಯಲ್ಲಿ ಬಿಟ್ಟ ಲದ್ದಿಯನ್ನು ತೋರಿಸಿ ಲೂಸಿಬಾಯಿ "ಇದನ್ನ ಯಾರ ಮಾವ ಬಳೀತಾನ?" ಎಂದು ಕೇಳುತ್ತಿದ್ದಳು. ಕೆಲಸ ಮುಗಿದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕುಳಿತು ಗಂಜಿ ಕುಡಿಯುತ್ತಿದ್ದೆವು.

ಕಳೆದ ಮಳೆಗಾಲದಲ್ಲಿ ಆಕೆಯನ್ನು ಹಳಿಯಾಳದ ದವಾಖಾನೆಗೆ ಸೇರಿಸಿದರು. ಆಕೆಯ ಅಂಗಳದಲ್ಲಿ ಉಳಿದ ಆ ಕುದುರೆಯನ್ನು ಇನ್ನು ಯಾರು ನೋಡಿಕೊಳ್ಳುವುದು ಎಂಬ ಮಾತು ನಾನು ಮನೆಯಲ್ಲಿ ಎತ್ತಲಿಲ್ಲ. ಎತ್ತುವ ಹಕ್ಕು ನನಗಿರಲಿಲ್ಲ. ಸಾವಿತ್ರಿಯೇ ಒಂದು ಬೆಳಿಗ್ಗೆ ಚೀಲದಲ್ಲಿ ಬಾಳೆಹಣ್ಣು ಹಾಕಿಕೊಂಡು, "ಬಾಯಿ ಕೇಳಾಕ ಬರೂವಂಗಿಲ್ಲ. ನಾನ ಹೇಳಿ ಬರ್ತೇನಿ, ನಡೀರಿ" ಎಂದಳು.

ಅವಳು ಮಂಚದ ಪಕ್ಕ ಕುಳಿತು ಕುದುರೆಯನ್ನು ನಮ್ಮಲ್ಲಿಗೆ ಒಯ್ಯುತ್ತೇನೆ ಎಂದಾಗ ಲೂಸಿಬಾಯಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

"ಇವ ಹೇಳಿ ಕೊಟ್ಟಾನೇನು?"

"ಇಲ್ರಿ."

"ನೀ ಹೊರಗ ಹೋಗು" ಎಂದಳು ನನಗೆ.

ನಾನು ಹೋಗಿ ವರಾಂಡದಲ್ಲಿ ನಿಂತೆ. ಒಳಗೆ ಬಹಳ ಹೊತ್ತು ಮಾತು ನಡೆಯಿತು. ಒಂದು ಶಬ್ದವೂ ತಿಳಿಯಲಿಲ್ಲ. ನಡುವೆ ಒಮ್ಮೆ ಇಬ್ಬರೂ ನಕ್ಕರು. ಲೂಸಿಬಾಯಿಯ ನಗೆ ಕೆಮ್ಮಾಗಿ ಮುಗಿಯಿತು. ನಾನು ಕೇಳಿದ ಆಕೆಯ ಕೊನೆಯ ದನಿ ಅದೇ.

ಆಕೆಯನ್ನು ಮಣ್ಣು ಮಾಡಿದ ಮರುದಿನ ಕುದುರೆಯನ್ನು ಕರೆತಂದೆವು. ಹಗ್ಗ ಸಾವಿತ್ರಿಯ ಕೈಯಲ್ಲಿತ್ತು. ದವಾಖಾನೆಯಲ್ಲಿ ಏನು ಮಾತಾಡಿದಿರಿ ಎಂದು ದಾರಿಯಲ್ಲಿ ಕೇಳಿದೆ. ಅವಳು ಹಗ್ಗ ಜಗ್ಗಿ ಕುದುರೆಯೊಡನೆ ಮುಂದೆ ನಡೆದಳು.