ಏಳನೇ ನಂಬರಿನ ಮಣಿಕಟ್ಟು

ಹೋದ ಭಾನುವಾರ ಬೆಳಿಗ್ಗೆ ಗ್ಯಾಸ್ ಬುಕ್ ಮಾಡೋಣವೆಂದು ಮೊಬೈಲ್ ಎತ್ತಿಕೊಂಡೆ. ಅದು ನನ್ನನ್ನು ಕೇಳದೆಯೇ ಹಳೆಯ ವಿಡಿಯೋ ಒಂದನ್ನು ಮುಂದಿಟ್ಟಿತು: ಮೂರು ವರ್ಷಗಳ ಹಿಂದೆ, ಇದೇ ದಿನ. ನಿಮ್ಮ ಫೋನೂ ಹೀಗೇ ಮಾಡುತ್ತಿರಬೇಕು. ಯಾರದೋ ಮದುವೆಯ ಊಟದ ಪಂಕ್ತಿ, ಮಗುವಿನ ಹುಟ್ಟುಹಬ್ಬ, ಕೈತಪ್ಪಿ ತೆಗೆದ ಸ್ವಂತ ಹೆಬ್ಬೆರಳು. ನನಗೆ ತೋರಿಸಿದ್ದು ಉಪ್ಪಾರಹಳ್ಳಿಯ ಒಂದು ಟೈಲರ್ ಅಂಗಡಿಯನ್ನು. ನಾಲ್ಕು ನಿಮಿಷದ್ದು. ಅದು ಮುಗಿಯುವಾಗ ನಾನು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಯಾವಾಗ ಕೂತೆನೋ ತಿಳಿಯದು.

ಅಂಗಡಿ ನಯಾಜ್ ಭಾಯಿಯದು. ಶಾಲೆ, ಕಾಲೇಜಿನ ತಂಡಗಳಿಗೆ ಜೆರ್ಸಿ ಹೊಲಿಯುವುದು ಅವರ ಕಸುಬು. ಒಂದು ಶಾಲೆಯವರು ತಮ್ಮ ಬಾಸ್ಕೆಟ್‌ಬಾಲ್ ತಂಡಕ್ಕೆ ಅಮೆರಿಕದ ಮಾದರಿಯೇ ಬೇಕೆಂದಾಗ, ಕಂಕುಳ ಕಟಿಂಗ್ ಎಷ್ಟು ಇಳಿಯಬೇಕೆಂದು ನೋಡಲು ಅವರು ಫೋನಿನಲ್ಲಿ ಒಂದು ಪಂದ್ಯ ಹಾಕಿದರು. ಕಟಿಂಗ್ ಹತ್ತು ನಿಮಿಷಕ್ಕೆ ಸಿಕ್ಕಿತು. ಪಂದ್ಯದ ಹುಚ್ಚು ಬಿಡಲಿಲ್ಲ.

ನಾನು ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಎರಕದ ಬಿಡಿಭಾಗಗಳಲ್ಲಿ ಕೂದಲೆಳೆಯಂಥ ಬಿರುಕು ಹುಡುಕುವುದಕ್ಕೆ ನನಗೆ ಸಂಬಳ. ಎರಡನೇ ಪಾಳಿ, ಹಾಗಾಗಿ ಬೆಳಿಗ್ಗೆಯೆಲ್ಲ ಬಿಡುವು. ಅಮೆರಿಕದಲ್ಲಿ ರಾತ್ರಿ ನಡೆಯುವ ಪಂದ್ಯ ನಮಗೆ ತಿಂಡಿಯ ಹೊತ್ತಿಗೆ ಸಿಗುತ್ತದೆ. ನಯಾಜ್ ಭಾಯಿಯ ಅಂಗಡಿಯಲ್ಲಿ ಕೂತು ಇಬ್ಬರೂ ನೋಡುತ್ತಿದ್ದೆವು. ಊರು ಗುಬ್ಬಿ, ಅಲ್ಲಿನ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದೆ ಎಂದು ಹೇಳಿಕೊಳ್ಳುತ್ತೇನೆ. ಆಡಿದ್ದು ಕಡಿಮೆ. ಬದಲಿ ಆಟಗಾರರ ಬೆಂಚಿನ ಮೇಲೆ ಕೂತು ಉಳಿದವರ ತಪ್ಪು ಎಣಿಸಿದ್ದೇ ಹೆಚ್ಚು.

ಅಮೆರಿಕದ ತಂಡಗಳಲ್ಲಿ ನಮಗೆ ಒಬ್ಬೊಬ್ಬರಿಗೆ ಒಂದೊಂದು ಮೆಚ್ಚು, ಎರಡೂ ಬದ್ಧ ವೈರಿಗಳು. ಹೆಸರು ನಾಲಿಗೆಗೆ ತಿರುಗದೆ ಬಟ್ಟೆಯ ಬಣ್ಣದಿಂದ ಕರೆಯುತ್ತಿದ್ದೆವು. ಹಸಿರು ಅವರದು, ಕೆಂಪು ನನ್ನದು. ಲೀಗ್ ಮುಗಿದು ಪ್ಲೇಆಫ್ ಹತ್ತಿರವಾದರೆ ಇಬ್ಬರಿಗೂ ಜ್ವರ. ಪ್ಲೇಆಫ್ ಎಂದರೆ ಎರಡೆರಡು ತಂಡ ಎದುರುಬದುರು. ಏಳರಲ್ಲಿ ನಾಲ್ಕು ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಏಳು ಪಂದ್ಯಕ್ಕೆ ಮೈ ತಾಳಬೇಕು. ಆದ್ದರಿಂದ ಯಾರು ಎಷ್ಟು ದೂರ ಹೋಗುತ್ತಾರೆ ಎಂಬ ನಮ್ಮ ಹೋಲಿಕೆಯೆಲ್ಲ ಮಂಡಿ, ಹಿಮ್ಮಡಿ, ಹೆಗಲುಗಳ ಮೇಲೆಯೇ. ನಯಾಜ್ ಭಾಯ್ ಗೋಡೆಗೆ ಎರಡು ಪಟ್ಟಿ ಬಟ್ಟೆ ಹೊಡೆದಿದ್ದರು. ಒಬ್ಬ ಆಟಗಾರನಿಗೆ ಒಂದು ಗುಂಡುಸೂಜಿ. ಗಟ್ಟಿಮುಟ್ಟಾಗಿದ್ದವನದು ನೆಟ್ಟಗೆ, ನೋವಿದ್ದವನದು ಓರೆ, ಆಡಲಾರದವನದು ಕಿತ್ತು ಡಬ್ಬಿಗೆ.

"ನಿಮ್ ಕೆಂಪ್ನೋರು ಹುಡುಗ್ರು. ಮೂರ್ ಪಂದ್ಯ ಕುಣೀತಾರೆ, ನಾಲ್ಕನೇದ್ಕೆ ನಾಲ್ಗೆ ಹೊರಗ್ ಬರ್ತೈತೆ," ಎನ್ನುತ್ತಿದ್ದರು.

"ನಿಮ್ಮೋರಿಗೆ ಪೆನ್ಷನ್ ವಯಸ್ಸು ನಯಾಜ್ ಭಾಯ್. ಮೆಟ್ಲು ಇಳಿಯುವಾಗ ಗೋಡೆ ಹಿಡ್ಕೊಂತಾರೆ."

"ಹಳೇ ಮೆಷಿನ್ನು ಕಣ್ರೀ ಗುಬ್ಬಿಯವ್ರೇ. ಸದ್ದು ಮಾಡ್ತೈತೆ, ಹೊಲಿಗೆ ತಪ್ಪಲ್ಲ."

ಪ್ಲೇಆಫ್ ಮುಂದಿರುವಾಗ ತಂಡಗಳು ಆಟಗಾರರ ಗಾಯವನ್ನು ಮುಚ್ಚಿಡುತ್ತವೆ ಎಂದು ನಾವು ನಂಬಿದ್ದೆವು. ಅದನ್ನು ಪತ್ತೆಹಚ್ಚುವುದು ನನ್ನ ಹೆಮ್ಮೆ. ಆಮೇಲೆ ಯಾರೂ ಮಾತು ತಿರುಗಿಸಬಾರದೆಂದು ಪ್ರತಿ ವರ್ಷ ಒಂದು ದಿನ ಇಬ್ಬರೂ ತಮ್ಮ ಭವಿಷ್ಯವಾಣಿಯನ್ನು ನನ್ನ ಫೋನಿಗೆ ಹೇಳಬೇಕೆಂದು ಒಪ್ಪಂದವಿತ್ತು. ಭಾನುವಾರ ನನ್ನೆದುರಿಗೆ ಬಂದದ್ದು ಆ ಒಪ್ಪಂದದ ಕೊನೆಯ ವಿಡಿಯೋ. ಅದನ್ನು ತೆಗೆದ ಎರಡನೇ ದಿನ ನಯಾಜ್ ಭಾಯ್ ಕಟಿಂಗ್ ಟೇಬಲ್ಲಿನ ಪಕ್ಕ ಕುಸಿದರು. ಪಾರ್ಶ್ವವಾಯು. ಬಲಗೈ ಹೋಯಿತು. ಮಾತು ಅರ್ಧ ಮರಳಿತು.

ಇಲ್ಲಿಂದ ಮುಂದಿನದನ್ನು ನಾನು ಮೂರು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಮದುವೆ ಮನೆಗಳಲ್ಲಿ. ಒಳ್ಳೆಯ ಕಥೆ, ನೀವೂ ಕೇಳಿ: ಆಟಗಾರರು ನೋವು ಮುಚ್ಚಿಡುವುದನ್ನು ನೋಡಿ ನೋಡಿ ನಯಾಜ್ ಭಾಯಿಯೂ ಹಾಗೇ ಆದರು. ಕೈ ಮರಗಟ್ಟುತ್ತಿದ್ದುದನ್ನು ಯಾರಿಗೂ ಹೇಳಲಿಲ್ಲ. ಕಡೆಯ ದಿನಗಳಲ್ಲಿ ನನಗೆ ಟೀ ಲೋಟವನ್ನು ಎಡಗೈಯಲ್ಲಿ ಕೊಡುತ್ತಿದ್ದರು. ಕೇಳಿದವರು ಲೊಚಗುಟ್ಟುತ್ತಿದ್ದರು. ಎಡಗೈಯಲ್ಲಿ ಕೊಟ್ಟರೇ? ಆ ಲೋಟ ಕಥೆಯೊಳಗೆ ಯಾವಾಗ ಬಂತೋ ನಾನರಿಯೆ. ಮೊದಲ ವರ್ಷ ಇರಲಿಲ್ಲ ಎಂದು ಅನುಮಾನ.

ಕಥೆಯಲ್ಲಿ ಸೇರಿಸದ ಎರಡು ಸಂಗತಿಗಳಿವೆ. ಒಂದು, ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನಾನು ಸ್ಕೋರ್ ನೋಡಿದೆ. ಕೆಂಪು ಗೆದ್ದಿತ್ತು. ಖುಷಿಯಾಯಿತು. ಇನ್ನೊಂದು, ಮೊದಲೇ ಏನಾದರೂ ಸೂಚನೆ ಇತ್ತೇ ಎಂದು ಡಾಕ್ಟರ್ ಕೇಳಿದಾಗ, ನಾನು ನಯಾಜ್ ಭಾಯಿಯ ಹೆಂಡತಿ ಫರ್ಜಾನಾ ಕಡೆ ತಿರುಗಿದೆ. ಅವರ ಅತ್ತೆ, ಭಾವ ಇಬ್ಬರೂ ಅಲ್ಲೇ ಇದ್ದರು.

"ಭಾಬಿ, ಮನೇಲಿರೋರು ನೀವು. ಒಂದ್ಸಲನೂ ಗಮನಿಸ್ಲಿಲ್ವಾ?"

"ನಂಗೇನೂ ಹೇಳ್ಲಿಲ್ಲ ಅಣ್ಣ," ಎಂದರು ಆಕೆ.

ಅಂಗಡಿ ಮುಚ್ಚಿ ಗಂಡ ಹೆಂಡತಿ ಕುಣಿಗಲ್‌ನಲ್ಲಿರುವ ನಯಾಜ್ ಭಾಯಿಯ ಅಣ್ಣನ ಮನೆ ಸೇರಿದರು. ನಾನು ಆಗಾಗ ಹೋಗುತ್ತಿದ್ದೆ. ನಯಾಜ್ ಭಾಯಿಯ ಅಮ್ಮ ಮನೆಗೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಸೊಸೆಗೆ ಕಣ್ಣಿದ್ದಿದ್ರೆ ನನ್ ಮಗನ ಕೈ ಉಳೀತಿತ್ತು." ಫರ್ಜಾನಾ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದರು. ನಾನು ಬಿಸ್ಕತ್ತು ತಿನ್ನುತ್ತ ಅದು ಮನೆಯವರ ವಿಷಯ ಎಂದುಕೊಳ್ಳುತ್ತಿದ್ದೆ.

ಈಗ ವಿಡಿಯೋ. ಫೋನನ್ನು ಹೊಲಿಗೆ ಮೆಷಿನ್ನಿಗೆ ಒರಗಿಸಿಟ್ಟು ನಾನು ಕೈ ಬೀಸಿ ಮಾತಾಡುತ್ತಿದ್ದೇನೆ.

"ನಿಮ್ ಹಸಿರಿನ ಏಳನೇ ನಂಬರು ನೋಡಿ. ಬಲಗೈ ಮಣಿಕಟ್ಟು ಹೋಗೈತೆ ಅವ್ನಿಗೆ, ಎಲ್ಲಾ ಎಡಗೈಲೇ ಪಾಸ್ ಮಾಡ್ತಾವ್ನೆ. ಯಾರಿಗೂ ಕಾಣಲ್ಲ. ನಂಗೆ ಕಾಣ್ತೈತೆ."

ನಯಾಜ್ ಭಾಯ್ ಒಲ್ಲದ ಮನಸ್ಸಿನಿಂದ ಗೋಡೆಯತ್ತ ತಿರುಗಿ ಗುಂಡುಸೂಜಿ ಕೀಳುತ್ತಾರೆ. ಅದು ಬೀಳುತ್ತದೆ. ಬಗ್ಗಿ ಎತ್ತುತ್ತಾರೆ, ಮತ್ತೆ ಬೀಳುತ್ತದೆ. ಬೆರಳುಗಳನ್ನು ನೋಡಿಕೊಳ್ಳುತ್ತಾರೆ. ಆಮೇಲೆ, ಸ್ಪಷ್ಟವಾಗಿ, ನನ್ನ ಮುಖಕ್ಕೆ ನೇರವಾಗಿ:

"ಗುಬ್ಬಿಯವ್ರೇ, ನಂದೂ ಬಲಗೈ ಯಾಕೋ ನಿನ್ನೆಯಿಂದ ಮರಗಟ್ಟಿದಂಗೆ ಆಗ್ತೈತೆ. ಬತ್ತೈತೆ, ಹೋಯ್ತೈತೆ. ಡಾಕ್ಟ್ರಿಗೆ ತೋರಿಸ್ಲಾ?"

"ಪ್ಲೇಆಫ್ ಮುಗೀಲಿ ಬುಡಿ, ಇಬ್ರೂ ಹೋಗಣ. ಮೊದ್ಲು ಏಳನೇ ನಂಬರ್ ಸೂಜಿ ಓರೆ ಮಾಡಿ."

ಅವರು ನಗುತ್ತಾರೆ. ನಾನೂ ನಗುತ್ತೇನೆ. ಅದು ನನ್ನ ದನಿ, ನನ್ನ ನಗು, ನನ್ನ ನೀಲಿ ಅಂಗಿ.

ಆ ಮಾತಿನ ಒಂದಕ್ಷರವೂ ನನಗೆ ನೆನಪಿರಲಿಲ್ಲ. ಇಂದಿಗೂ ಇಲ್ಲ, ವಿಡಿಯೋ ನೆನಪಿದೆ, ಆ ಕ್ಷಣ ನೆನಪಿಲ್ಲ. ಮತ್ತೆ ಮತ್ತೆ ಹಾಕಿ ನೋಡಿದೆ, ಯಾವುದಾದರೊಂದು ಸಲ ನಾನು ಬೇರೆ ಏನಾದರೂ ಹೇಳಬಹುದೆಂಬಂತೆ. ಮರೆತವನಿಗೆ ಖಾಲಿ ಜಾಗವಾದರೂ ಉಳಿಯುತ್ತದೆ. ನನ್ನಲ್ಲಿ ಖಾಲಿ ಜಾಗವೂ ಇರಲಿಲ್ಲ. ಅಲ್ಲೊಂದು ಟೀ ಲೋಟ ಇತ್ತು.

ನಿನ್ನೆ ರಜೆ ಹಾಕಿ ಕುಣಿಗಲ್ ಬಸ್ಸು ಹತ್ತಿದೆ. ನಯಾಜ್ ಭಾಯ್ ಜಗಲಿಯಲ್ಲಿ ಕೂತಿದ್ದರು. ಫರ್ಜಾನಾ ಅವರನ್ನೂ ಕರೆದು ಇಬ್ಬರಿಗೂ ವಿಡಿಯೋ ತೋರಿಸಿದೆ. ನಯಾಜ್ ಭಾಯ್ ಬಹಳ ಹೊತ್ತು ಪದ ಹುಡುಕಿದರು.

"ಬುಡಿ… ನನ್ಗೂ… ನೆಪ್ಪಿರ್ಲಿಲ್ಲ. ಗ್ಯಾಸ್ಟ್ರಿಕ್ಕು… ಅನ್ಕಂಡಿದ್ದೆ."

ನನಗೆ ಎದೆ ಹಗುರಾಯಿತು. ಹಗುರಾದುದಕ್ಕೆ ನಾಚಿಕೆಯೂ ಆಯಿತು, ಆದರೆ ಮೊದಲು ಹಗುರವೇ ಆಯಿತು.

ಫರ್ಜಾನಾ ಫೋನನ್ನು ನನ್ನ ಕೈಗೆ ಹಿಂತಿರುಗಿಸಿದರು. "ನಂಗೆ ತೋರಿಸಿದ್ದಾಯ್ತು ಅಣ್ಣ. ಒಳಗೆ ಅತ್ತೆ ಇದಾರೆ. ಭಾವ ಈಗ ಊಟಕ್ಕೆ ಬರ್ತಾರೆ. ಅವ್ರ ಮುಂದೆ ಹೇಳಿ."

"ಅವ್ರಿಗೂ ವಿಡಿಯೋ ತೋರಿಸ್ತೀನಿ ಭಾಬಿ."

"ವಿಡಿಯೋ ಬ್ಯಾಡ. ಅವತ್ತು ಆಸ್ಪತ್ರೇಲಿ ಬಾಯಲ್ಲೇ ಅಲ್ವಾ ನೀವು ಕೇಳಿದ್ದು."

ಭಾವ ಬಂದರು, ಕೈ ತೊಳೆದರು. ಅವರ ಹಿಂದೆಯೇ ನಾನೂ ಒಳಗೆ ಹೋದೆ. ಅಮ್ಮ ಮಂಚದ ಮೇಲಿದ್ದರು, ಎಂದಿನಂತೆ ನನಗೆ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ.

"ಅಮ್ಮಾ, ನಯಾಜ್ ಭಾಯ್ ಕೈ ವಿಷಯ ನಂಗೆ ಮೊದ್ಲೇ ಹೇಳಿದ್ರು. ನಾನೇ ಆಮೇಲೆ ನೋಡಣ ಅಂದೆ. ಭಾಬಿಗೆ ಗೊತ್ತಿರ್ಲಿಲ್ಲ."

ಅಮ್ಮ ನನ್ನ ಕಡೆ ನೋಡಲೇ ಇಲ್ಲ. ಬಾಗಿಲ ಬಳಿ ನಿಂತಿದ್ದ ಸೊಸೆಯನ್ನು ನೋಡಿದರು. ಫರ್ಜಾನಾ ತಲೆ ತಗ್ಗಿಸಲಿಲ್ಲ.