ಅಪ್ಪ ಬರೆಯಬೇಡ ಎಂದ ಪದ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಚಿನ್ನದ ಗಣಿಯ ಸೈರನ್ನೇ ನಮ್ಮ ಗಡಿಯಾರ. ಅದನ್ನು ಸಂಗು ಎನ್ನುತ್ತಿದ್ದೆವು. ಸಂಗು ಕೂಗಿದರೆ ಅಪ್ಪ ಕೆಲಸಕ್ಕೆ ಹೊರಡುವ ಹೊತ್ತು, ಮತ್ತೆ ಕೂಗಿದರೆ ಮನೆಗೆ ಬರುವ ಹೊತ್ತು. ಗಣಿ ಕೆಲಸಗಾರರು ಇರುತ್ತಿದ್ದ ಉರಿಗಾಂನ ಸಾಲುಮನೆಗಳಿಗೆ ತಗಡಿನ ಮಾಡು, ತಟ್ಟಿಯ ಗೋಡೆ. ಒಂದು ಮನೆಯ ಒಗ್ಗರಣೆಗೆ ಐದು ಮನೆಯವರು ಸೀನುತ್ತಿದ್ದರು. ಹಿಂದಿನ ಮನೆಯಲ್ಲಿ ತಮಿಳು, ಎದುರು ಮನೆಯಲ್ಲಿ ತೆಲುಗು, ಬೂದಿಕೋಟೆ ಕಡೆಯಿಂದ ಬಂದ ನಮ್ಮ ಮನೆಯಲ್ಲಿ ಕನ್ನಡ. ಬೈಯುವಾಗ ಮಾತ್ರ ಎಲ್ಲರಿಗೂ ಮೂರು ಭಾಷೆಯೂ ಬರುತ್ತಿತ್ತು.

ನಮ್ಮ ಕನ್ನಡ ಮೇಷ್ಟ್ರು ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಬರುತ್ತಿದ್ದರು. ಅವರಿಗೆ ವ್ಯಾಕರಣ ಗೊತ್ತಿತ್ತು, ಗಣಿ ಗೊತ್ತಿರಲಿಲ್ಲ. ನಾಲ್ಕನೇ ತರಗತಿಯ ನಮಗೆ ನಾಮಪದ, ಕ್ರಿಯಾಪದ ಎಷ್ಟು ಹೇಳಿದರೂ ತಲೆಗೆ ಹತ್ತದಿದ್ದಾಗ ಬೆತ್ತವನ್ನು ಮೇಜಿನ ಮೇಲಿಟ್ಟು, “ಪುಸ್ತಕದ ಪದ ಸಾಕು. ನಿಮ್ಮ ಅಪ್ಪಂದಿರ ಬಾಯಲ್ಲಿರೋ ಗಣಿ ಪದ ತನ್ನಿ” ಎಂದರು. ಬೋರ್ಡಿನ ನಡುವೆ ಗೆರೆ ಎಳೆದರು. ಎಡಗಡೆ ಹೆಸರುಗಳು, ಬಲಗಡೆ ಕೆಲಸಗಳು.

ನಾನು ಅಪ್ಪನ ಬೆನ್ನು ಬಿದ್ದೆ. ನಿಜವಾಗಿಯೂ ಬೆನ್ನೇ, ಮಕ್ಕಳೇ. ಸಂಜೆ ಅಪ್ಪ ಹಿತ್ತಿಲ ಕಲ್ಲಿನ ಮೇಲೆ ಕೂತು ಸ್ನಾನ ಮಾಡುವಾಗ ಬೆನ್ನು ಉಜ್ಜುವುದು ನನ್ನ ಕೆಲಸವಾಗಿತ್ತು. ಬೆವರು, ಮದ್ದಿನ ಹೊಗೆ, ಕೆಂಪು ಸೋಪು, ಮೂರರ ವಾಸನೆಯೂ ಸೇರಿ ಬರುತ್ತಿತ್ತು. ನೀರು ಬೂದಿ ಬಣ್ಣಕ್ಕೆ ತಿರುಗಿ ಮೋರಿಗೆ ಹರಿಯುತ್ತಿತ್ತು. ನಾನು ಒಂದು ಚೊಂಬು ನೀರು ಹೊಯ್ದರೆ ಅಪ್ಪ ಒಂದು ಪದ ಕೊಡುತ್ತಿದ್ದ. ಆಳುಗಳನ್ನು ಪಾತಾಳಕ್ಕೆ ಇಳಿಸುವ ಕಬ್ಬಿಣದ ಪಂಜರಕ್ಕೆ ಕೇಜು. ಬಂಡೆ ಸಿಡಿಸುವುದಕ್ಕೆ ಮದ್ದು. ಚಿನ್ನ ಅಡಗಿರುವ ಕಲ್ಲಿಗೆ ಅದಿರು. ಕೊರೆಯುವುದು, ತುಂಬುವುದು, ಸಿಡಿಸುವುದು, ಹೊರುವುದು.

“ನೀನು ಚಿನ್ನ ನೋಡಿದ್ದೀಯಾ ಅಪ್ಪಾ?”

“ನಾನ್ ನೋಡಿರೋದೆಲ್ಲಾ ಕಲ್ಲೇ ಕಣ್ಲಾ” ಎಂದು ನಕ್ಕ.

ಒಂದು ಸಂಜೆ ಬಲಗಡೆಗೆ ಇನ್ನೊಂದೇ ಪದ ಬೇಕು ಎಂದು ಪೀಡಿಸಿದೆ. ಅಪ್ಪ ಮುಖದ ಮೇಲಿನ ನೀರು ಒರೆಸಿಕೊಂಡ. ಆಮೇಲೆ, “ಎದರ್ಕೊಳ್ಳೋದು” ಎಂದ.

ನನಗೆ ನಂಬಿಕೆಯೇ ಬರಲಿಲ್ಲ. ಅಪ್ಪ ರಾಗಿ ಮೂಟೆಯನ್ನು ಒಬ್ಬನೇ ಎತ್ತಿ ಹೆಗಲಿಗೆ ಹಾಕಿಕೊಳ್ಳುವ ಆಳು.

“ಕೇಜು ಇಳಿಯೋವಾಗ ಜೀವ ಬಾಯಿಗ್ ಬತ್ತದೆ. ಕಣ್ಣು ಮುಚ್ಕಂಡು ಮುಂದಿರೋನ ಅಂಗಿ ತುದಿ ಇಡ್ಕಂತೀನಿ. ಇಷ್ಟು ವರ್ಸ ಆದ್ರೂ ಓಗಿಲ್ಲ ಆ ಬಯ. ಇದನ್ನ ಬರೀಬೇಡ ಕಣ್ಲಾ. ಯಾರ್ಗೂ ಏಳ್ಬೇಡ.”

ನಾನು ಬರೆಯಲಿಲ್ಲ. ಆದರೆ ಅಪ್ಪ ನನಗೊಬ್ಬನಿಗೇ ಗುಟ್ಟು ಹೇಳಿದ ಎಂಬ ಜಂಬ ಇತ್ತಲ್ಲ, ಅದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮಾರನೆಯ ದಿನ ಬೀದಿ ನಲ್ಲಿಯ ಮುಂದೆ ಕೊಡ ಇಟ್ಟು ಬೇತಮಂಗಲದ ಕೆರೆಯಿಂದ ಬರುವ ನೀರಿಗೆ ಕಾಯುತ್ತಿದ್ದಾಗ, ನಮ್ಮ ಶಾಲೆಯಲ್ಲೇ ಏಳನೇ ತರಗತಿಯಲ್ಲಿದ್ದ ಅಕ್ಕನಿಗೆ ಹೇಳಿಬಿಟ್ಟೆ. ಸುಮ್ಮನೆ ಹೇಳಲಿಲ್ಲ, ನನ್ನ ತಲೆಯ ಮೇಲೆ ಕೈ ಇಡಿಸಿ ಹೇಳಿದೆ. “ನಿನ್ನಾಣೆಗೂ ಯಾರ್ಗೂ ಏಳಲ್ಲ” ಎಂದಳು.

ನಮ್ಮ ಬೋರ್ಡು ತುಂಬಿದ್ದು ನೋಡಿ ಮೇಷ್ಟ್ರಿಗೆ ಹುರುಪು ಬಂತು. ಆ ಪದಗಳನ್ನೆಲ್ಲ ಸೇರಿಸಿ ಗಣಿಯ ಬಗ್ಗೆ ಒಂದು ನಾಟಕ ಬರೆದರು. ಗಂಟಲು ದೊಡ್ಡದು ಎಂದು ಅಕ್ಕನಿಗೇ ಗಣಿ ಕೆಲಸಗಾರನ ಪಾತ್ರ ಕೊಟ್ಟರು. ಕೇಜು ಇಳಿಸುವ ಗಂಟೆ ಹೊಡೆಯುವುದು ನನ್ನ ಪಾಲಿಗೆ ಬಂತು. ನಾಲ್ಕು ಬಿದಿರು, ಎರಡು ಗೋಣಿತಾಟು, ಅದೇ ನಮ್ಮ ಕೇಜು.

ನಾಟಕದ ದಿನ ಶಾಲೆಯ ಬಯಲಿನಲ್ಲಿ ಗಾಳಿ ಜೋರಾಗಿತ್ತು. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ ಸುರಿದಿದ್ದ ಬೂದಿಗುಡ್ಡದ ಬಿಳಿ ಧೂಳು ಬಂದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಜನ ಕಡಲೆಕಾಯಿ ಬಿಡಿಸುತ್ತ ಅವರವರ ಮಾತಿನಲ್ಲೇ ಮುಳುಗಿದ್ದರು. ಅಪ್ಪ ಪಾಳಿ ಬದಲಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಅವನ ಜೊತೆ ಒಂದೇ ಕೇಜಿನಲ್ಲಿ ಇಳಿಯುತ್ತಿದ್ದ ಪಕ್ಕದ ಮನೆ ಮಾಮನೂ ಇದ್ದ.

ಅಕ್ಕ ಅಪ್ಪನ ಹಳೆ ಅಂಗಿ ತೊಟ್ಟು, ಮಸಿಯಲ್ಲಿ ಮೀಸೆ ಬರೆದುಕೊಂಡು ಕೇಜಿನೊಳಗೆ ನಿಂತಳು. ನಾನು ಗಂಟೆ ಹೊಡೆದೆ. ಯಾರೂ ಇತ್ತ ನೋಡಲಿಲ್ಲ. ಮೇಷ್ಟ್ರು ಹಣೆ ಚಚ್ಚಿಕೊಂಡರು. ಅಕ್ಕನಿಗೆ ಏನು ಅನ್ನಿಸಿತೋ, ಮೇಷ್ಟ್ರು ಬರೆಯದೇ ಇದ್ದದ್ದನ್ನು ಮಾಡಿಬಿಟ್ಟಳು. ಕಣ್ಣು ಗಟ್ಟಿಯಾಗಿ ಮುಚ್ಚಿ, ಮುಂದಿದ್ದ ಹುಡುಗನ ಅಂಗಿ ತುದಿ ಹಿಡಿದು ಗಡಗಡ ನಡುಗತೊಡಗಿದಳು. “ಅಯ್ಯಯ್ಯೋ, ಬಿಡಬೇಡಣ್ಣೋ!”

ಬಯಲೆಲ್ಲ ಗೊಳ್ಳೆಂದು ನಕ್ಕಿತು. ನಕ್ಕಷ್ಟೂ ಅವಳಿಗೆ ಹುಮ್ಮಸ್ಸು, ಮತ್ತೆ ಮತ್ತೆ ಮಾಡಿದಳು. ಪಕ್ಕದ ಮನೆ ಮಾಮ ಎದ್ದು ನಿಂತು, “ಏನ್ ಬಾವಾ, ನೀನ್ ಇಡ್ಕೊಳ್ಳೋದು ನನ್ ಅಂಗೀನೇ ಅಲ್ವಾ?” ಎಂದು ಕೂಗಿದ. ನಗು ಎರಡರಷ್ಟಾಯಿತು.

ಅಪ್ಪನೂ ನಕ್ಕ. ನಗುತ್ತಲೇ ನನ್ನ ಕಡೆ ನೋಡಿದ. ಅಕ್ಕನ ಕಡೆಗಲ್ಲ, ಗಂಟೆ ಹಿಡಿದು ನಿಂತಿದ್ದ ನನ್ನ ಕಡೆಗೆ. ಅಕ್ಕ ನನಗೆ ಮೋಸ ಮಾಡಿದ್ದಳು. ನಾನು ಅಪ್ಪನಿಗೆ ಮಾಡಿದ್ದೆ. ಯಾವುದು ಹೆಚ್ಚು ನೋಯುತ್ತಿತ್ತು ಎಂದು ಈಗಲೂ ನನಗೆ ತಿಳಿಯದು.

ಮನೆಯಲ್ಲಿ ಜಗಳವಾಡಿದೆ, ಅಕ್ಕನ ಜಡೆ ಹಿಡಿದು ಎಳೆದೆ. “ನಾನೇನ್ ಯಾರ್ಗೂ ಏಳಿಲ್ವಲ್ಲಾ, ಆಡ್ದೆ ಅಷ್ಟೇ” ಎಂದಳು. ಅವಳು ಈಗ ಬಂಗಾರಪೇಟೆಯಲ್ಲಿ ಮೊಮ್ಮಕ್ಕಳ ಅಜ್ಜಿ. ಇವತ್ತಿಗೂ ಅದೇ ಮಾತು, ಅದೇ ನಗು. ಅವಳು ಕೊಡುವ ಚಕ್ಕುಲಿ ತಿನ್ನುತ್ತೇನೆ, ಸಿಟ್ಟು ಮಾತ್ರ ಇಳಿದಿಲ್ಲ.

ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಮಾರನೆಯ ಸಂಜೆ ಚೊಂಬು ಹಿಡಿದು, “ಇವತ್ತು ಯಾವ ಪದ ಅಪ್ಪಾ?” ಎಂದು ಕೇಳಿದೆ.

“ಏನೂ ಇಲ್ಲ ಕಣ್ಲಾ. ದಿನಾ ಅದೇ ಕಲ್ಲು.”

ಮುಂದೆ ಎಷ್ಟು ಚೊಂಬು ನೀರು ಹೊಯ್ದರೂ ಅಷ್ಟೇ. ಅಪ್ಪ ತೀರಿಹೋದ ಮೇಲೆ ಪಕ್ಕದ ಮನೆ ಮಾಮ ಒಮ್ಮೆ ಕರೆದು ಕೂರಿಸಿಕೊಂಡು ಹೇಳಿದ: “ಆ ನಾಟ್ಕ ಆದ್ಮೇಲೆ ನಿಮ್ಮಪ್ಪ ನನ್ ಅಂಗಿ ಇಡೀಲೇ ಇಲ್ಲ ಕಣಪ್ಪಾ. ಇಡ್ಕೋ ಬಾವಾ ಅಂದ್ರೂ ಕೇಳ್ಲಿಲ್ಲ. ಕೈ ಕಟ್ಕಂಡು ನಿಂತ್ಕಂತಿದ್ದ, ಮುಖದಾಗೆ ಬೆವರು ಸುರೀತಿತ್ತು.”

ಈಗ ಗಣಿ ಮುಚ್ಚಿದೆ, ಸಂಗು ಕೂಗುವುದಿಲ್ಲ. ನಿಮ್ಮ ಶಾಲೆಯಲ್ಲಿ ಗಣಿಯ ಪದಗಳು ಬಣ್ಣದ ಚಿತ್ರಗಳ ಜೊತೆ ಅಚ್ಚಾಗಿ ಬರುತ್ತವೆ, ಗೆರೆ ಎಳೆದು ಹೊಂದಿಸಿದರೆ ಆಯಿತು. ನೀವು ಗುಡುಗಿಗೆ ಹೆದರಿದರೆ ಮನೆಯೆಲ್ಲ ಕೇಳುವ ಹಾಗೆ ಕೂಗುತ್ತೀರಿ. ಮೊನ್ನೆ ನಿಮ್ಮ ಅಪ್ಪ, “ನನಗೂ ಸೂಜಿ ಅಂದ್ರೆ ಭಯ ಕಣ್ರೋ” ಎಂದಾಗ ನೀವು ಬಿದ್ದು ಬಿದ್ದು ನಕ್ಕಿರಿ. ನಾನು ಎದ್ದು ಹೊರಗೆ ಹೋದೆ. ತಾತನಿಗೆ ಕೋಪ ಬಂತು ಎಂದುಕೊಂಡಿರಿ. ಕೋಪವಲ್ಲ, ನನಗೆ ಹೆದರಿಕೆಯಾಗಿತ್ತು. ಅವನು ಇನ್ನು ನಿಮಗೆ ಏನನ್ನೂ ಹೇಳುವುದಿಲ್ಲವೇನೋ ಎಂದು ಬಾಗಿಲ ಆಚೆ ನಿಂತು ಕಿವಿಗೊಟ್ಟೆ. ನಿಮ್ಮ ನಗು ನಿಂತ ಮೇಲೆ ಅವನು, “ನಿಜವಾಗ್ಲೂ ಕಣ್ರೋ, ಕೈಯೆಲ್ಲಾ ನಡುಗುತ್ತೆ” ಎಂದು ಮತ್ತೊಮ್ಮೆ ಹೇಳಿದ. ಆಮೇಲೆ ಒಳಗೆ ಬಂದೆ.